ಕೌನ್ಸೆಲರ್ ಬಂದರು ಸರಿ, ಕೌನ್ಸೆಲರ್ ಮಾತು ಕೇಳೋರು ಯಾರು?

ನಮ್ಮ ಕಾಲೇಜುಗಳ ಗೋಡೆ ಮೇಲೆ ಒಂದು ಹೊಸ ಬೋರ್ಡು ಬರುವ ಕಾಲ ಇದು. 'ಆಪ್ತ ಸಮಾಲೋಚನಾ ಕೇಂದ್ರ' ಅಂತ. ಕೆಲವು ಕಡೆ ಆಗಲೇ ಬಂದಿದೆ. ಬಾಗಿಲಿಗೆ ಬೀಗ ಇರಬಹುದು, ಒಳಗೆ ಹಳೇ ಉತ್ತರಪತ್ರಿಕೆ ಗಂಟು ಇರಬಹುದು, ಬೋರ್ಡಂತೂ ಇರುತ್ತದೆ.

ಕಾರಣ ಸುಪ್ರೀಂ ಕೋರ್ಟಿನ ಆದೇಶ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಸೇರಿದ್ದ 17 ವರ್ಷದ ಹುಡುಗಿ ತೀರಿಕೊಂಡಳು. ತನಿಖೆ ಸರಿಯಾಗಿ ನಡೆದಿಲ್ಲ ಅಂತ ಅವಳ ತಂದೆ ಕೋರ್ಟಿಗೆ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಆ ಕೇಸಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯ ಓದಿದವರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಸರ್ಕಾರ ಕಾನೂನು ಮಾಡುವವರೆಗೂ ಇದೇ ಕಾನೂನು.

ಆದೇಶ ಒಳ್ಳೆಯದು. ನನ್ನ ತಕರಾರು ಆದೇಶದ ಮೇಲಲ್ಲ. ಅದು ಮಂಡ್ಯ, ಮದ್ದೂರು, ಮಳವಳ್ಳಿಗೆ ಬಂದು ಮುಟ್ಟುವಷ್ಟರಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ. ಯಾರೋ ಒಬ್ಬ ಉಪನ್ಯಾಸಕರನ್ನು ಕರೆದು 'ನೀವೇ ನೋಡ್ಕಳಿ' ಅನ್ನುತ್ತಾರೆ. ಅದೇ ಉಪನ್ಯಾಸಕರು ಇಂಟರ್ನಲ್ ಮಾರ್ಕ್ಸೂ ಹಾಕುತ್ತಾರೆ, ಹಾಜರಾತಿ ಕಮ್ಮಿ ಅಂತ ಮನೆಗೆ ಫೋನೂ ಮಾಡುತ್ತಾರೆ. ಒಂದು ದಿನದ ಕಾರ್ಯಾಗಾರ, ಒಂದು ಸರ್ಟಿಫಿಕೇಟು, ಒಂದು ಗ್ರೂಪ್ ಫೋಟೋ. ವರ್ಷಕ್ಕೊಂದು ಸಲ ಬೆಂಗಳೂರಿಂದ ಒಬ್ಬರು ಬಂದು ಮೈಕು ಹಿಡಿದು 'ನೀವು ಸಿಂಹಗಳು' ಅಂತ ಕೂಗಿ ಹೋಗುತ್ತಾರೆ. ಅದಕ್ಕೂ ಕೌನ್ಸೆಲಿಂಗ್ ಅಂತಲೇ ಹೆಸರು.

ಸ್ವಲ್ಪ ಎಚ್ಚರ ಇರುವವರು ಇದಕ್ಕೆ ಒಂದು ಬೇಡಿಕೆ ಇಡುತ್ತಾರೆ: ಓದಿದವರನ್ನು, ಅರ್ಹರನ್ನು ನೇಮಿಸಿ. ಸರಿ, ಆ ಬೇಡಿಕೆಗೆ ನಾನೂ ಕೈ ಎತ್ತುತ್ತೇನೆ. ಆದರೆ ಅಷ್ಟಕ್ಕೇ ನಿಂತರೆ ನಾವು ಇನ್ನೊಂದು ಸಲ ಮೋಸ ಹೋಗುತ್ತೇವೆ. ಎಂ.ಎಸ್ಸಿ. ಸೈಕಾಲಜಿ ಮಾಡಿದ 24 ವರ್ಷದ ಹುಡುಗಿಯನ್ನು ಗುತ್ತಿಗೆ ಮೇಲೆ ತಂದು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ತಿಂಗಳ ಕೊನೆಗೆ 'ಎಷ್ಟು ಜನ ಬಂದರು, ಸಂಖ್ಯೆ ಕೊಡಿ' ಅಂತ ಕೇಳುವುದು ವ್ಯವಸ್ಥೆ ಅಲ್ಲ. ಆ ಹುಡುಗಿ ಕೋಣೆಯೊಳಗೆ ಏನು ಹೇಳಿದಳು, ಸರಿ ಹೇಳಿದಳಾ, ಹೇಳಬಾರದ್ದು ಹೇಳಿದಳಾ, ಕೇಳಿದ್ದನ್ನೆಲ್ಲ ಹೊತ್ತುಕೊಂಡು ರಾತ್ರಿ ಹೇಗೆ ಮಲಗುತ್ತಾಳೆ? ಇದನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂತು ಕೇಳುವ, ತಿದ್ದುವ, ಹೆಗಲು ಕೊಡುವ ಜನ ಬೇಕು. ಅಂಥವರು ಇಲ್ಲದ ಕಡೆ ಕೌನ್ಸೆಲರ್ ನೇಮಿಸಲೇಬಾರದು ಅನ್ನುವುದು ನನ್ನ ವಾದ. ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಬಹಳ ಕಾಲ ಇದಕ್ಕೆ 'ಆಪ್ತ ಸಲಹೆ' ಅಂದರು. ಸಲಹೆ ಅನ್ನೋ ಪದ ಸೇರಿಕೊಂಡಿದ್ದೇ ಎಡವಟ್ಟಾಯಿತೋ ಏನೋ. ನಮ್ಮೂರಲ್ಲಿ ಸಲಹೆಗೆ ಬರ ಇಲ್ಲ. ಅರಳಿಕಟ್ಟೆ ಮೇಲೆ, ಡೇರಿ ಮುಂದೆ, ಕಟಿಂಗ್ ಶಾಪಿನಲ್ಲಿ ಕೇಳದಿದ್ದರೂ ಸಿಗುತ್ತದೆ. ಈಚೆಗೆ 'ಸಮಾಲೋಚನೆ' ಅನ್ನುತ್ತಿದ್ದಾರೆ, ಅದು ವಾಸಿ: ಇಬ್ಬರೂ ಸೇರಿ ಯೋಚನೆ ಮಾಡುವುದು. ಬಂದವರ ಬಾಯಲ್ಲಿ ಅವರ ಕಷ್ಟ ಪೂರ್ತಿ ಹೊರಬರುವವರೆಗೆ ತಡೆದು ಕೂರುವುದು, ಬುದ್ಧಿ ಹೇಳಬೇಕು ಅನ್ನುವ ತುರಿಕೆಯನ್ನು ಅದುಮಿಕೊಳ್ಳುವುದು, ಆಮೇಲೆ ಅವರಿಗೆ ಸಾಧ್ಯವಾಗುವ ಒಂದು ಹೆಜ್ಜೆಯನ್ನು ಅವರ ಜೊತೆ ಸೇರಿ ಹುಡುಕುವುದು. ಹೇಳಲು ಸುಲಭ. ಮಾಡಲು ಹೋದರೆ ಹತ್ತು ನಿಮಿಷಕ್ಕೆ ನಮ್ಮ ಬಾಯಿ 'ನೋಡಪ್ಪ, ನಿನ್ನ ವಯಸ್ಸಲ್ಲಿ ನಾನು...' ಅಂತ ಶುರು ಮಾಡಿಬಿಡುತ್ತದೆ.

ಈ ಕೆಲಸವನ್ನು ಹಳ್ಳಿ ಜನಕ್ಕೆ ಕನ್ನಡದಲ್ಲಿ ತಂದವರು ಯಾರು ಅಂದರೆ ಮೊದಲು ಬರುವ ಹೆಸರು ನಮ್ಮ ಪಕ್ಕದ್ದೇ. ಡಾ. ಸಿ. ಆರ್. ಚಂದ್ರಶೇಖರ್. ಆ 'ಸಿ' ಅಂದರೆ ಚನ್ನಪಟ್ಟಣ, ಮದ್ದೂರು ದಾಟಿದರೆ ಸಿಗುವ ಊರು. ನಿಮ್ಹಾನ್ಸಿನಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1970ರ ದಶಕದಲ್ಲಿ ನಿಮ್ಹಾನ್ಸ್ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಹಳ್ಳಿ ಕೇಂದ್ರ ಮಾಡಿ, ಮಾನಸಿಕ ಕಾಯಿಲೆಯನ್ನು ಆಸ್ಪತ್ರೆ ಗೋಡೆಯಿಂದ ಆಚೆ ತಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರ ಕೈಲೇ ನೋಡಿಸಬಹುದಾ ಅಂತ ಪ್ರಯೋಗ ಶುರು ಮಾಡಿತಲ್ಲ, ಆ ಕಾಲದ ಸಂಶೋಧನಾ ಬರಹಗಳಲ್ಲಿ ಆರ್. ಎಲ್. ಕಪೂರ್, ಮೋಹನ್ ಐಸಾಕ್ ಅವರ ಜೊತೆ ಇವರ ಹೆಸರೂ ಇದೆ. ಆದರೆ ಅವರು ಜರ್ನಲ್ಲಿಗೆ ಬರೆದು ಸುಮ್ಮನಾಗಲಿಲ್ಲ. ಖಿನ್ನತೆ, ಆತಂಕ, ಕುಡಿತ, ದಾಂಪತ್ಯ, ಪರೀಕ್ಷೆ ಭಯ, ಮುಪ್ಪು, ಹೀಗೆ ಕನ್ನಡದಲ್ಲಿ ನೂರಾರು ಪುಸ್ತಕ ಬರೆದರು. ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಡಾಕ್ಟರಲ್ಲದ ಸಾಮಾನ್ಯ ಜನರಿಗೆ ಆಪ್ತ ಸಲಹೆಯ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ 'ಸಮಾಧಾನ' ಅಂತ ಕೇಂದ್ರ ಮಾಡಿ ದುಡ್ಡು ತೆಗೆದುಕೊಳ್ಳದೆ ಜನರನ್ನು ನೋಡಿದರು. 2024ರಲ್ಲಿ ಪದ್ಮಶ್ರೀ ಬಂತು.

ಒಬ್ಬ ವಿದ್ವಾಂಸನ ವೃತ್ತಿಜೀವನ ಹೀಗಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ. ಓದಿದ್ದು ಇಂಗ್ಲಿಷಿನಲ್ಲಿ, ಹಂಚಿದ್ದು ಕನ್ನಡದಲ್ಲಿ.

ಆದರೆ ಅವರ ಕೆಲಸವನ್ನು ನಮ್ಮ ಇಲಾಖೆಗಳು ಬಳಸಿಕೊಂಡ ರೀತಿ ಬಗ್ಗೆ ನನಗೆ ಸಿಟ್ಟಿದೆ. 'ಸಾಮಾನ್ಯ ಜನರೂ ಕಲಿತರೆ ಆಪ್ತ ಸಲಹೆ ಕೊಡಬಹುದು' ಅಂತ ಅವರಂಥವರು ಹೇಳಿದರು. ಇಲಾಖೆಗಳ ಕಿವಿಗೆ ಬಿದ್ದದ್ದು ಅರ್ಧ ಮಾತ್ರ: 'ಸಾಮಾನ್ಯ ಜನರೂ ಕೊಡಬಹುದು, ಅಂದರೆ ಖರ್ಚಿಲ್ಲ'. ತರಬೇತಿಗೆ ಒಂದು ದಿನ ಸಾಕು, ಆಮೇಲೆ ಅವರ ಪಾಡು ಅವರಿಗೆ. ಪುಸ್ತಕ ಓದಿ, ಶಿಬಿರ ಮುಗಿಸಿ ಬಂದವರ ಪಕ್ಕದಲ್ಲಿ ಆಮೇಲೆ ಕೂರುವವರು ಯಾರು ಅನ್ನುವ ಪ್ರಶ್ನೆಗೆ ತಾಲ್ಲೂಕು ಮಟ್ಟದಲ್ಲಿ ಇವತ್ತೂ ಉತ್ತರ ಇಲ್ಲ. ಚನ್ನಪಟ್ಟಣದ ಒಬ್ಬ ಚಂದ್ರಶೇಖರ್ ಎಲ್ಲ ತಾಲ್ಲೂಕಿನಲ್ಲೂ ಬಂದು ಕೂರಲು ಆಗುತ್ತದಾ?

ಆಲೆಮನೆ ನೋಡಿದವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಪಾಕ ಯಾವಾಗ ಇಳಿಸಬೇಕು ಅನ್ನುವುದು ಗಡಿಯಾರ ನೋಡಿ ಗೊತ್ತಾಗಲ್ಲ. ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಎರಡು ನಿಮಿಷ ಮೊದಲೇ ಇಳಿಸಿದರೆ ಬೆಲ್ಲ ಕಟ್ಟಲ್ಲ, ತಡ ಮಾಡಿದರೆ ಸೀಯುತ್ತದೆ. ಹೊಸಬನಿಗೆ ಒಂದು ದಿನ ಪಾಠ ಹೇಳಿ, ಸರ್ಟಿಫಿಕೇಟು ಕೊಟ್ಟು, ಕೊಪ್ಪರಿಗೆ ಒಪ್ಪಿಸಿ ಮನೆಗೆ ಹೋಗುವ ಆಲೆಮನೆ ಮಾಲೀಕ ಇದ್ದಾನಾ? ಪಾಕ ಹಿಡಿಯುವ ಹಿರಿಯ ಪಕ್ಕದಲ್ಲೇ ನಿಂತಿರುತ್ತಾನೆ. 'ಇನ್ನೂ ತಡಿ' ಅನ್ನುತ್ತಾನೆ. 'ಈಗ ನೋಡು' ಅನ್ನುತ್ತಾನೆ. ಒಂದು ಕೊಪ್ಪರಿಗೆ ಬೆಲ್ಲಕ್ಕೆ ಇರುವ ಈ ಕಾಳಜಿ ಹದಿನೇಳು ವರ್ಷದ ಮಗುವಿನ ಮನಸ್ಸಿಗೆ ಬೇಡವೇ?

ಇದನ್ನೇ ಈ ವೃತ್ತಿಯಲ್ಲಿ ಸೂಪರ್‌ವಿಷನ್ ಅನ್ನುತ್ತಾರೆ. ಕನ್ನಡಕ್ಕೆ 'ಮೇಲ್ವಿಚಾರಣೆ' ಅಂತ ತಂದರೆ ಕೆಲಸ ಕೆಟ್ಟಿತು. ಮೇಲ್ವಿಚಾರಕಿ ಅಂದ ಕೂಡಲೇ ಅಂಗನವಾಡಿಯ ಅಕ್ಕ ರಿಜಿಸ್ಟರು ಹುಡುಕಲು ಓಡುತ್ತಾರೆ. ಇದು ರಿಜಿಸ್ಟರು ನೋಡುವ ಕೆಲಸ ಅಲ್ಲ. ಕೌನ್ಸೆಲರ್ ತಾನು ನೋಡಿದ ವ್ಯಕ್ತಿಯ ಹೆಸರು, ಊರು ಬಿಟ್ಟು, ನಡೆದ ಮಾತುಕತೆಯನ್ನು ಅನುಭವಸ್ಥರ ಮುಂದೆ ಇಟ್ಟು, 'ಇಲ್ಲಿ ನಾನು ಎಡವಿದೆನಾ' ಅಂತ ಕೇಳುವುದು. 1920ರ ದಶಕದಲ್ಲಿ ಬರ್ಲಿನ್ನಿನ ಮನೋವಿಶ್ಲೇಷಣಾ ಚಿಕಿತ್ಸಾಲಯದಲ್ಲೇ, ಕಲಿಯುವವರು ಹಿರಿಯರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡಬೇಕು ಅನ್ನುವುದು ತರಬೇತಿಯ ಭಾಗವಾಯಿತು. ಅಮೆರಿಕದ ಕಾರ್ಲ್ ರೋಜರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಮಾತುಕತೆಯನ್ನು ಧ್ವನಿಮುದ್ರಣ ಮಾಡಿ, ಒಬ್ಬ ವ್ಯಕ್ತಿಯ ಜೊತೆಗಿನ ಎಲ್ಲ ಭೇಟಿಯನ್ನೂ ಮಾತಿಗೆ ಮಾತು 1942ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಕೋಣೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ ಅಂತ ಬೇರೆಯವರು ನೋಡಲಿ ಅಂತ. ಇಂಗ್ಲೆಂಡಿನಲ್ಲಿ ಕೌನ್ಸೆಲರುಗಳ ದೊಡ್ಡ ಸಂಘ ಬಿಎಸಿಪಿಯ ಮಾನ್ಯತೆ ಪಡೆದ ಸದಸ್ಯರು ಇಪ್ಪತ್ತು ವರ್ಷದ ಅನುಭವ ಇದ್ದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಹೀಗೆ ಕೂರಲೇಬೇಕು. ನಮ್ಮಲ್ಲಿ ಇಪ್ಪತ್ತು ದಿನದ ಅನುಭವ ಇದ್ದವರಿಗೂ ಅದಿಲ್ಲ.

'ಅದು ಫಾರಿನ್ ಕಥೆ, ನಮ್ಮಲ್ಲಿ ಆಗಲ್ಲ' ಅನ್ನುವವರಿಗೆ ಗೋವಾ ತೋರಿಸುತ್ತೇನೆ. ಅಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತಿಗಳು, ಮನಶ್ಶಾಸ್ತ್ರ ಓದಿರದ ಸ್ಥಳೀಯ ಜನರನ್ನೇ ಆರಿಸಿ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ತೀವ್ರ ಖಿನ್ನತೆ ಇದ್ದ 495 ಜನರ ಮೇಲೆ ಅಧ್ಯಯನ ಮಾಡಿ, ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರೆಂಟು ಭೇಟಿ, ಅಷ್ಟೆ. ಮೂರು ತಿಂಗಳಾದ ಮೇಲೆ, ಈ ಕೌನ್ಸೆಲರುಗಳ ಜೊತೆ ಮಾತಾಡಿದವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 39.

ಈ ಅಂಕಿಯನ್ನು ಭಾಷಣಗಳಲ್ಲಿ ಹೇಳುತ್ತಾರೆ. ಹೇಳದೇ ಬಿಡುವ ಭಾಗ ಇದು: ಆ ಸಾಮಾನ್ಯ ಜನ ಒಪ್ಪಿಗೆ ಪಡೆದು ತಮ್ಮ ಮಾತುಕತೆಯನ್ನು ಧ್ವನಿಮುದ್ರಣ ಮಾಡುತ್ತಿದ್ದರು. ವಾರಕ್ಕೊಮ್ಮೆ ಗುಂಪಾಗಿ ಕೂತು ಒಬ್ಬರದ್ದನ್ನು ಇನ್ನೊಬ್ಬರು ಕೇಳಿ, ಅಳತೆಪಟ್ಟಿ ಇಟ್ಟುಕೊಂಡು ಅಂಕ ಹಾಕುತ್ತಿದ್ದರು. ಇವರು ಹಾಕಿದ ಅಂಕಕ್ಕೂ ತಜ್ಞರು ಹಾಕಿದ ಅಂಕಕ್ಕೂ ಎಷ್ಟು ತಾಳೆಯಾಗುತ್ತದೆ ಅಂತಲೂ ಡೈಸಿ ಸಿಂಗ್ಲಾ ಮತ್ತಿತರರು 2014ರಲ್ಲಿ ಪರೀಕ್ಷೆ ಮಾಡಿದರು. ನಂಬುವಷ್ಟು ತಾಳೆಯಾಯಿತು. ಅಂದರೆ ಮೇಲೆ ಒಬ್ಬ ದೊಡ್ಡ ಡಾಕ್ಟರು ಸದಾ ಕೂತಿರಲೇಬೇಕು ಅಂತಿಲ್ಲ. ಒಂದೇ ಕೆಲಸ ಮಾಡುವ ಐದಾರು ಜನ, ಒಂದು ಕೋಣೆ, ಒಂದು ಕ್ರಮ, ಆಗಾಗ ಬಂದು ನೋಡುವ ಒಬ್ಬ ತಜ್ಞ, ಇಷ್ಟು ಸಾಕು. ಆ 64ನ್ನು ತಂದದ್ದು ತರಬೇತಿ ಒಂದೇ ಅಲ್ಲ, ವಾರವಾರದ ಆ ಕೂಟವೂ ಹೌದು ಅಂತ ನಾನು ನಂಬುತ್ತೇನೆ.

ಈಗ ನಮ್ಮ ಊರಿಗೆ ಬರೋಣ. ಅನುಭವಸ್ಥರ ಕಿವಿ ಇಲ್ಲದ ಕೌನ್ಸೆಲರ್ ಕೋಣೆಯಲ್ಲಿ ಏನಾಗಬಹುದು ಅಂತ ಎರಡು ಮೂರು ಉದಾಹರಣೆ ಇಟ್ಟುಕೊಂಡು ನೋಡಿ. ಇವು ಯಾರದ್ದೋ ಒಬ್ಬರ ಕಥೆ ಅಲ್ಲ, ನಿಮಗೆ ಗೊತ್ತಿರುವ ಹತ್ತಾರು ಮನೆಯ ಕಥೆ.

ಮಳವಳ್ಳಿ ಕಡೆಯ ಒಂದು ಹುಡುಗಿ, ಎರಡನೇ ಪಿಯುಸಿ. ಬೇರೆ ಜಾತಿ ಹುಡುಗನ ಜೊತೆ ಮಾತಾಡುತ್ತಾಳೆ ಅಂತ ಮನೆಯಲ್ಲಿ ಫೋನು ಕಿತ್ತುಕೊಂಡಿದ್ದಾರೆ. ಓದು ಬಿಡಿಸಿ ಮದುವೆ ಮಾಡುವ ಮಾತು ನಡೆದಿದೆ. ಅವಳು ಹೆದರುತ್ತಾ ಬಂದು ಕೂರುತ್ತಾಳೆ. ಎದುರಿಗಿರುವ ಕೌನ್ಸೆಲರ್ ಒಳ್ಳೆಯವರೇ, ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಅವರೂ ಇದೇ ಊರಿನ ಗಾಳಿ ಕುಡಿದು ಬೆಳೆದವರು. 'ನೋಡವ್ವ, ಅಪ್ಪ ಅಮ್ಮ ನಿನ್ನ ಒಳ್ಳೇದಕ್ಕೇ ಹೇಳ್ತಾರೆ, ಮನೆ ಮರ್ಯಾದೆ ನಿನ್ನ ಕೈಲದೆ' ಅಂದುಬಿಡುತ್ತಾರೆ. ಹುಡುಗಿ ತಲೆ ಆಡಿಸಿ ಎದ್ದು ಹೋಗುತ್ತಾಳೆ. ರಿಜಿಸ್ಟರಿನಲ್ಲಿ 'ಸಮಾಲೋಚನೆ ನೀಡಲಾಯಿತು' ಅಂತ ಬೀಳುತ್ತದೆ. ಅವಳು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ಇನ್ಯಾವ ಬಾಗಿಲಿಗೂ ಹೋಗದೇ ಇರಬಹುದು.

ಹದಿನೈದು ದಿನಕ್ಕೊಮ್ಮೆ ಕೂರುವ ಗುಂಪಿದ್ದಿದ್ದರೆ ಅಲ್ಲಿ ಯಾರಾದರೂ ಕೇಳುತ್ತಿದ್ದರು: 'ಹುಡುಗ ನಿಮ್ಮ ಜಾತಿಯವನೇ ಆಗಿದ್ದರೆ ಇದೇ ಮಾತು ಹೇಳುತ್ತಿದ್ದಿರಾ? ಹುಡುಗಿಗೆ ಮನೆಯಲ್ಲಿ ಪ್ರಾಣಭಯ ಇದೆಯಾ ಅಂತ ಕೇಳಿದಿರಾ? ಅವಳ ವಯಸ್ಸು ಕೇಳಿದಿರಾ?' ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದ ಕೌನ್ಸೆಲಿಂಗ್ ಅಪಾಯಕಾರಿ. ಕೌನ್ಸೆಲರಿಗೆ ಜಾತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇರುತ್ತದೆ. ಅದನ್ನು ನೋಡಿಕೊಳ್ಳಲು ಕನ್ನಡಿ ಹಿಡಿಯುವವರು ಬೇಕು.

ವಯಸ್ಸಿನ ಮಾತು ಬಂತಲ್ಲ, ಅದೂ ಹೇಳಿಬಿಡುತ್ತೇನೆ. 'ನೀನು ಹೇಳಿದ್ದನ್ನು ಯಾರಿಗೂ ಹೇಳಲ್ಲ' ಅಂತ ಕೌನ್ಸೆಲರ್ ಮಾತು ಕೊಡುತ್ತಾರೆ. ಹುಡುಗಿ ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಹೇಳುತ್ತಾಳೆ. ಅವಳಿಗೆ 18 ತುಂಬಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಈಗ ಕೌನ್ಸೆಲರ್ ಏನು ಮಾಡಬೇಕು? ಕೊಟ್ಟ ಮಾತು ಮುರಿಯಬೇಕಾ, ಕಾನೂನು ಮುರಿಯಬೇಕಾ? ಮೊದಲ ಭೇಟಿಯಲ್ಲೇ 'ಗುಟ್ಟು ಕಾಪಾಡುತ್ತೇನೆ, ಆದರೆ ಇಂಥ ಇಂಥ ವಿಷಯ ಬಂದರೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನ್ನ ಜೊತೆ ಮಾತಾಡುತ್ತೇನೆ' ಅನ್ನುವುದನ್ನು ಕಲಿಯಬೇಕು. ಅದು ಒಂದು ದಿನದ ಸ್ಲೈಡ್ ಷೋದಲ್ಲಿ ಬರುವುದಿಲ್ಲ. ಆ ಸಂಜೆಯೇ ಫೋನ್ ಮಾಡಿ ಕೇಳಲು ಒಬ್ಬ ಹಿರಿಯರು ಬೇಕು.

ಇನ್ನೊಂದು. ಮದ್ದೂರು ತಾಲ್ಲೂಕಿನ ಒಬ್ಬ ರೈತ. ಕಬ್ಬು ಕಟಾವಿಗೆ ಬಂದು ಒಣಗುತ್ತಿದೆ, ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಇಲ್ಲ, ಮೈಕ್ರೋ ಫೈನಾನ್ಸಿನ ಹುಡುಗರು ಮನೆ ಮುಂದೆ ಕೂತಿದ್ದಾರೆ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ರೈತರ ಮನೆಯಲ್ಲಿ ದೀಪ ಆರಿತು ಅಂತ ನಿಮಗೆ ನಾನು ನೆನಪಿಸಬೇಕಿಲ್ಲ. ಅಂಥ ರೈತನನ್ನು ಕೂರಿಸಿಕೊಂಡು 'ಪಾಸಿಟಿವ್ ಆಗಿ ಯೋಚನೆ ಮಾಡಿ, ಪ್ರಾಣಾಯಾಮ ಮಾಡಿ' ಅಂದರೆ ಅದು ಸಮಾಲೋಚನೆ ಅಲ್ಲ, ಅವಮಾನ. ಸಾಲವನ್ನು ಮನಸ್ಸಿನ ದೌರ್ಬಲ್ಯ ಅಂತ ತಿರುಗಿಸಿಬಿಟ್ಟರೆ ಸರ್ಕಾರಕ್ಕೂ ಸುಖ, ಕಾರ್ಖಾನೆಗೂ ಸುಖ, ಬಡ್ಡಿಯವನಿಗೂ ಸುಖ. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದನ್ನು ತಿಳಿದುಕೊಂಡು, ರೈತನ ಜೊತೆ ಪೊಲೀಸ್ ಠಾಣೆಗೋ ತಾಲ್ಲೂಕು ಕಚೇರಿಗೋ ದಾರಿ ತೋರಿಸುವುದೂ ಕೌನ್ಸೆಲರ್ ಕೆಲಸವೇ. ಇಲ್ಲಿ ಎಷ್ಟು ಮನಸ್ಸಿನದು, ಎಷ್ಟು ದುಡ್ಡಿನದು, ಈ ಮನುಷ್ಯನನ್ನು ಇವತ್ತು ಒಂಟಿಯಾಗಿ ಬಿಡಬಹುದಾ, ಮನೋವೈದ್ಯರ ಹತ್ತಿರ ಇವತ್ತೇ ಕಳಿಸಬೇಕಾ? ಇದನ್ನು ಒಬ್ಬರೇ ತೀರ್ಮಾನ ಮಾಡುವ ಭಾರವನ್ನು ಯಾರ ಮೇಲೂ ಹೊರಿಸಬಾರದು.

ಕೌನ್ಸೆಲರ್ ಬಗ್ಗೆಯೂ ಒಂದು ಮಾತು. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ ಎಚ್‌ಐವಿ ಫಲಿತಾಂಶ ಹೇಳುವವರು, ಸ್ನೇಹ ಕ್ಲಿನಿಕ್ಕಿನವರು, ಸಾಂತ್ವನ ಕೇಂದ್ರದಲ್ಲಿ ಹೊಡೆತ ತಿಂದು ಬಂದ ಹೆಂಗಸರ ಮುಂದೆ ಕೂರುವವರು, ಇವರೆಲ್ಲ ದಿನವೂ ಕೇಳುವುದು ಏನನ್ನು ಅಂತ ಯೋಚನೆ ಮಾಡಿ. ಕಡಿಮೆ ಸಂಬಳ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಸ್ಥಿತಿ. ಕೇಳಿದ್ದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ, ಸ್ನೇಹಿತರ ಹತ್ತಿರ ಹೇಳುವ ಹಾಗಿಲ್ಲ. ಒಂದು ವರ್ಷ ಹೀಗೆ ಕೂತರೆ ಇಬ್ಬರಲ್ಲಿ ಒಂದಾಗುತ್ತಾರೆ: ಒಳಗೊಳಗೇ ಕುಸಿದವರು, ಇಲ್ಲಾ ಕಲ್ಲಾದವರು. ಕಲ್ಲಾದ ಮೇಲೆ 'ಮುಂದಿನವರು ಬನ್ನಿ' ಅಷ್ಟೇ ಉಳಿಯುತ್ತದೆ. ಆಮೇಲೆ ನಾವು 'ಆ ಮೇಡಂ ಸರಿಯಿಲ್ಲ' ಅಂತ ದೂರುತ್ತೇವೆ.

ಹಾಗಾದರೆ ಈ ಹಿರಿಯರ ಜಾಗದಲ್ಲಿ ಪ್ರಿನ್ಸಿಪಾಲರನ್ನೇ ಕೂರಿಸಿದರಾಯಿತು ಅನ್ನುತ್ತಾರೆ. ಆಗುವುದಿಲ್ಲ. ಯಾಕೆ ಅನ್ನುವುದಕ್ಕೆ ಒಂದು ಒಳ್ಳೆಯ ಸಂಶೋಧನೆ ಇದೆ. 1996ರಲ್ಲಿ ಅಮೆರಿಕದ ನಿಕೋಲಸ್ ಲಡಾನಿ ಮತ್ತು ಜೊತೆಗಾರರು, ತರಬೇತಿಯಲ್ಲಿರುವ ಚಿಕಿತ್ಸಕರು ತಮ್ಮ ಸೂಪರ್‌ವೈಸರ್ ಹತ್ತಿರ ಏನೇನು ಮುಚ್ಚಿಡುತ್ತಾರೆ ಅಂತ ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಏನಾದರೊಂದು ಮುಚ್ಚಿಟ್ಟಿದ್ದರು. ತಾವು ಮಾಡಿದ ತಪ್ಪು, ಬಂದವರ ಮೇಲಿನ ಅಸಮಾಧಾನ, ಸೂಪರ್‌ವೈಸರ್ ಮೇಲಿನ ಸಿಟ್ಟು. ಅಮೆರಿಕದಲ್ಲೇ ಹೀಗಾದರೆ, ಗುತ್ತಿಗೆ ಮುಂದುವರಿಸುವ ಸಹಿ ಹಾಕುವವರ ಮುಂದೆ ನಮ್ಮ ಹುಡುಗಿ 'ಸಾರ್, ನಾನು ತಪ್ಪು ಮಾತಾಡಿಬಿಟ್ಟೆ' ಅಂತ ಹೇಳುತ್ತಾಳಾ? ಹೇಳಿದರೂ ಪ್ರಿನ್ಸಿಪಾಲರು ಮೊದಲು ಕೇಳುವುದು 'ಯಾರ ಮಗಳು ಅದು' ಅಂತ.

ಇನ್ನೊಂದು ತೊಡಕು ನಮ್ಮದೇ. ಗುರು ಅಂದರೆ ಪ್ರಶ್ನೆ ಮಾಡಬಾರದು ಅನ್ನುವುದು ನಮ್ಮ ರಕ್ತದಲ್ಲಿದೆ. ಪಂಜಾಬಿನ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ, ಗುರು-ಚೇಲಾ ಸಂಬಂಧವನ್ನು ಮಾನಸಿಕ ಚಿಕಿತ್ಸೆಗೆ ಒಂದು ಮಾದರಿಯಾಗಿ ನೋಡಬಹುದಾ ಅಂತ ಬರೆದರು. ರೋಗಿಗೆ ಅದು ಒಗ್ಗಬಹುದು. ಕೌನ್ಸೆಲರಿಗೆ ಒಗ್ಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಗುರುವಿನ ಮುಂದೆ ಚೇಲಾ ಸೋಲನ್ನು ಬಚ್ಚಿಡುತ್ತಾನೆ. ನಿಮ್ಹಾನ್ಸಿನ ಪೂರ್ಣಿಮಾ ಭೋಲಾ ಮತ್ತು ಅಹಲ್ಯಾ ರಘುರಾಮ್ ಈ ಸಂಗತಿಗಳನ್ನು ಗಂಭೀರವಾಗಿ ಹಿಡಿದವರು. ಭಾರತದಲ್ಲಿ ಕೌನ್ಸೆಲಿಂಗ್ ಮಾಡುವವರು ಎದುರಿಸುವ ನೈತಿಕ ಇಕ್ಕಟ್ಟುಗಳ ಬಗ್ಗೆ 2016ರಲ್ಲಿ ಒಂದು ಪುಸ್ತಕ ಸಂಪಾದಿಸಿದರು. ನಮ್ಮ ದೇಶದಲ್ಲಿ ತರಬೇತಿಯಲ್ಲಿರುವ ಚಿಕಿತ್ಸಕರು ಸೂಪರ್‌ವಿಷನ್ನಿನಲ್ಲಿ ಏನು ಅನುಭವಿಸುತ್ತಾರೆ ಅಂತ 2017ರಲ್ಲಿ ಬರೆದರು. ಇಂಥ ಕೆಲಸ ನಮ್ಮಿಂದ ಬರೀ ನೂರು ಕಿಲೋಮೀಟರ್ ಆಚೆ ನಡೆಯುತ್ತಿದೆ. ಗೆಜ್ಜಲಗೆರೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ದಶಪಥ ರಸ್ತೆಯಲ್ಲಿ ಕಾರುಗಳು ಒಂದು ಗಂಟೆಗೆ ಮಂಡ್ಯ ಮುಟ್ಟುತ್ತವೆ. ಆ ಪುಸ್ತಕ, ಆ ಲೇಖನ ಇರುವುದು ಇಂಗ್ಲಿಷಿನಲ್ಲಿ, ದುಬಾರಿ ಪ್ರಕಾಶನದಲ್ಲಿ. ಮಳವಳ್ಳಿಯ ಕೌನ್ಸೆಲರ್ ಅದನ್ನು ಓದುವುದು ಯಾವಾಗ? ವಿದ್ವಾಂಸರನ್ನು ನಾನು ಬೈಯುತ್ತಿಲ್ಲ. ಆದರೆ ಚನ್ನಪಟ್ಟಣದವರು ನಡೆದ ದಾರಿಯಲ್ಲಿ ಇನ್ನೊಂದು ತಲೆಮಾರು ನಡೆಯಬೇಕು, ಈ ಸಲ ಜನಸಾಮಾನ್ಯರಿಗೆ ಪುಸ್ತಕ ಬರೆಯುವುದರ ಜೊತೆಗೆ ಕೌನ್ಸೆಲರುಗಳಿಗಾಗಿ ಕನ್ನಡದಲ್ಲಿ ಬರೆಯಬೇಕು, ಕನ್ನಡದಲ್ಲಿ ಕೂರಬೇಕು ಅಂತ ಕೇಳುವ ಹಕ್ಕು ನಮಗಿದೆ.

'ದುಡ್ಡಿಲ್ಲ' ಅನ್ನುವ ಮಾತಿಗೆ ಬರುತ್ತೇನೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದಲೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿ, 1996ರಲ್ಲಿ ಶುರುವಾಯಿತು. ಅಂದಿನ ಬಳ್ಳಾರಿ ಶ್ರೀಮಂತ ಜಿಲ್ಲೆಯೇನಲ್ಲ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತರಬೇತಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಜಿಲ್ಲಾ ತಂಡ ಅವರ ಬೆನ್ನಿಗೆ ನಿಂತಿತ್ತು. ನಮ್ಮ ಮಂಡ್ಯದಲ್ಲಿ ಮಿಮ್ಸ್ ಇದೆ, ಅಲ್ಲಿ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಕಾರ್ಯಕ್ರಮದ ನಿಯಮದ ಪ್ರಕಾರವೇ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ತಂಡ ಇರಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ತಜ್ಞರು ಬರುವ ಏರ್ಪಾಡೂ ಇದೆ. ಅವತ್ತೇ ಮಧ್ಯಾಹ್ನ ಎರಡು ಗಂಟೆ, ತಿಂಗಳಿಗೆ ಎರಡು ಸಲ, ತಾಲ್ಲೂಕಿನ ಎಲ್ಲ ಕಾಲೇಜು, ಆಸ್ಪತ್ರೆ, ಸಾಂತ್ವನ ಕೇಂದ್ರದ ಕೌನ್ಸೆಲರುಗಳನ್ನು ಒಂದು ಕೋಣೆಯಲ್ಲಿ ಕೂರಿಸಿ. ಬಸ್ ಚಾರ್ಜು, ಒಂದು ಲೋಟ ಟೀ, ಎರಡು ಗಂಟೆಯನ್ನು ಡ್ಯೂಟಿ ಅಂತ ಲೆಕ್ಕ ಹಿಡಿಯುವ ಒಂದು ಆದೇಶ. ತಜ್ಞರಿಗೆ ರೋಗಿಗಳ ಸಾಲು ಉದ್ದ ಇರುತ್ತದೆ, ಒಪ್ಪುತ್ತೇನೆ. ಆದರೆ ಹತ್ತು ಕೌನ್ಸೆಲರುಗಳು ಸರಿಯಾಗಿ ಕೆಲಸ ಮಾಡಿದರೆ ಆ ಸಾಲೇ ಗಿಡ್ಡವಾಗುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ, ನಿಜ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಕೌನ್ಸೆಲರುಗಳ ಹೆಸರೂ ಸೇರಿದೆ. 2025ರಲ್ಲಿ ಯುಜಿಸಿ ದೂರಶಿಕ್ಷಣದಲ್ಲಿ ಸೈಕಾಲಜಿ ಕೋರ್ಸು ನಿಲ್ಲಿಸಲು ಹೇಳಿತು. ಇವೆಲ್ಲ ಬಾಗಿಲಲ್ಲಿ ಟಿಕೆಟ್ ನೋಡುವ ಕ್ರಮ. ಒಳಗೆ ನಾಟಕ ಹೇಗೆ ನಡೆಯುತ್ತಿದೆ ಅಂತ ನೋಡುವವರು ಇನ್ನೂ ಬಂದಿಲ್ಲ.

ಕಡೆಯದಾಗಿ ಹಿರೀಕರ ಮಾತು. 'ನಮ್ಮ ಕಾಲದಲ್ಲಿ ಯಾವ ಕೌನ್ಸೆಲರ್ ಇದ್ದ? ಅಜ್ಜಿ ಇದ್ದಳು, ಊರ ಯಜಮಾನ್ರು ಇದ್ದರು' ಅನ್ನುತ್ತಾರೆ. ಅಜ್ಜಿಗೆ ಕೈ ಮುಗಿಯುತ್ತೇನೆ. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಅನ್ನುವ ಮನೋವೈ‌ದ್ಯರು ಅಜ್ಜಿಯರನ್ನೇ ಕರೆದು ತರಬೇತಿ ಕೊಟ್ಟು, ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅದು ಲೋಕಪ್ರಸಿದ್ಧವಾಯಿತು. ಆ ಅಜ್ಜಿಯರ ಬೆನ್ನಿಗೂ ಮಾತಾಡಲು, ಕೇಳಲು ಜನ ಇದ್ದರು ಅನ್ನುವುದು ಮುಖ್ಯ. ಯಜಮಾನ್ರ ಕಥೆ ಬೇರೆ. ಯಜಮಾನ್ರ ಕಟ್ಟೆಗೆ ಹೋದ ಗುಟ್ಟು ಸಂಜೆಗೆ ಊರ ತುಂಬ ಇರುತ್ತಿತ್ತು. ಕಟ್ಟೆ ಮೇಲೆ ಹತ್ತಲು ಬಿಡದ ಜಾತಿಯವರ ಕಷ್ಟವನ್ನು ಆ ಕಟ್ಟೆ ಕೇಳಲೇ ಇಲ್ಲ.

ಮುಂದಿನ ಸಲ ನಿಮ್ಮ ಮಗ, ಮಗಳ ಕಾಲೇಜಿನಲ್ಲಿ ಪೋಷಕರ ಸಭೆ ಕರೆದಾಗ ಹೋಗಿ. ಬೋರ್ಡು ತೋರಿಸುತ್ತಾರೆ. ಆಗ ಎದ್ದು ನಿಂತು ಕೇಳಿ: ಈ ಕೌನ್ಸೆಲರ್ ಮಾರ್ಕ್ಸ್ ಹಾಕುವವರಾ, ಬೇರೆಯವರಾ? ಮಾತಾಡುವ ಕೋಣೆಯ ಮಾತು ಹೊರಗೆ ಕೇಳಿಸುತ್ತದಾ? ಬರೆದಿಟ್ಟದ್ದನ್ನು ಯಾರು ಓದುತ್ತಾರೆ? ತಿಂಗಳಲ್ಲಿ ಎಷ್ಟು ಸಲ, ಯಾರ ಜೊತೆ ಕೂತು ಇವರು ತಮ್ಮ ಕೆಲಸ ಒಪ್ಪಿಸುತ್ತಾರೆ? ಕೊನೆ ಪ್ರಶ್ನೆಗೆ ಉತ್ತರ ಬರದಿದ್ದರೆ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ, ಕೆಳಗೆ ಸಹಿ ಹಾಕಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ನಮಗೂ ಒಂದು ಫೋಟೋ ಕಳಿಸಿ. ಮೂರು ತಾಲ್ಲೂಕಿನದ್ದನ್ನೂ ಒಟ್ಟುಗೂಡಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡುತ್ತೇವೆ.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರಿಗಾದರೂ ಬದುಕು ಬೇಡ ಅನ್ನಿಸುವ ಮಟ್ಟಿಗೆ ಕಷ್ಟ ಆಗಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಮಕ್ಕಳ ವಿಷಯವಾದರೆ 1098.